63 ಕೆಪಾಸಿಟರ್, ಒಂದು ಎದೆಬಡಿತ: ಕೈಯಾರೆ ಕಟ್ಟಿದ ಎಡಿಸಿ

ಎದೆಯ ಮೇಲೆ ಮೂರು ಎಲೆಕ್ಟ್ರೋಡ್ ಅಂಟಿಸಿಕೊಂಡರೆ ಸಿಗುವ ಸಿಗ್ನಲ್ ಸುಮಾರು ಒಂದು ಮಿಲಿವೋಲ್ಟ್. ಅದೂ ಬಹಳ ನಿಧಾನ. ಇಸಿಜಿಯಲ್ಲಿ ಡಾಕ್ಟರಿಗೆ ಬೇಕಾದ್ದೆಲ್ಲ 150 ಹರ್ಟ್ಸ್ ಒಳಗೇ ಸಿಗುತ್ತದೆ. ಬರೀ ಬಡಿತ ನೋಡೋಕೆ 40 ಹರ್ಟ್ಸ್ ಸಾಕು. ಇಷ್ಟು ನಿಧಾನದ ಸಿಗ್ನಲನ್ನು ಅಂಕಿಗೆ ಇಳಿಸೋಕೆ ನಿಜವಾಗಿ ಎಷ್ಟು ಕರೆಂಟ್ ಬೇಕು? ಈ ಪ್ರಶ್ನೆ ನನ್ನ ತಲೆ ಹೊಕ್ಕು ಎರಡು ತಿಂಗಳಾಯಿತು.

ವೋಲ್ಟೇಜನ್ನು ಅಂಕಿಗೆ ಇಳಿಸುವ ರೆಡಿ ಎಡಿಸಿ ಚಿಪ್ ತಂದು ಹಾಕಿದರೆ ಡೇಟಾಶೀಟಲ್ಲಿ ಒಂದು ಅಂಕಿ ಸಿಗುತ್ತೆ, ಅಷ್ಟೇ. ಆ ಕರೆಂಟ್ ಒಳಗೆ ಎಲ್ಲಿ ಹೋಯಿತು ಅಂತ ಕಾಣೋದಿಲ್ಲ. ಅದಕ್ಕೇ ಚಿಪ್ಪಿನ ಒಳಗಿರುವುದನ್ನು ಬಿಡಿ ಭಾಗಗಳಲ್ಲಿ ಕಟ್ಟಿದೆ. 10 ಬಿಟ್, ಸೆಕೆಂಡಿಗೆ 250 ಸ್ಯಾಂಪಲ್, 2.5 ವೋಲ್ಟ್. ಇದು ಆ ಕೆಲಸದ ದಿನಚರಿ.

ಮೊದಲೇ ಒಂದು ಮಾತು. ಇದು ವೈದ್ಯಕೀಯ ಉಪಕರಣ ಅಲ್ಲ. ಮೈಗೆ ಅಂಟಿಸುವ ಸರ್ಕ್ಯೂಟ್ ಬ್ಯಾಟರಿಯಲ್ಲೇ ಓಡಬೇಕು. ಲ್ಯಾಪ್‌ಟಾಪಿಗೆ ಡೇಟಾ ಹೋಗುವ ದಾರಿಯಲ್ಲಿ, ತಂತಿಯ ಸಂಪರ್ಕ ಇಲ್ಲದೆ ಬೆಳಕಿನಿಂದಲೇ ಸಿಗ್ನಲ್ ದಾಟಿಸುವ ಆಪ್ಟೋಕಪ್ಲರ್ ಇರಬೇಕು, ಲ್ಯಾಪ್‌ಟಾಪ್ ಚಾರ್ಜರಿನಿಂದ ಕಳಚಿರಬೇಕು. ಇದರಲ್ಲಿ ರಾಜಿ ಇಲ್ಲ.

ಸೇರು, ಅಚ್ಚೇರು, ಪಾವು

ನಾನು ಆರಿಸಿಕೊಂಡದ್ದು ಸಾರ್ (SAR) ಎಡಿಸಿ, ಅರ್ಧರ್ಧ ಮಾಡುತ್ತಾ ಅಳೆಯುವ ಜಾತಿ. ದೇಹದ ಸಿಗ್ನಲ್‌ಗಳಿಗೆ ಮಾಡುವ ಕಡಿಮೆ ಪವರಿನ ಚಿಪ್‌ಗಳಲ್ಲಿ ಮತ್ತೆ ಮತ್ತೆ ಕಾಣುವುದು ಇದೇ. ಇದರ ಕೆಲಸ ನಮ್ಮ ಅಜ್ಜಿಯರಿಗೆ ಗೊತ್ತಿತ್ತು. ಸೇರಿನ ಅರ್ಧ ಅಚ್ಚೇರು, ಅದರ ಅರ್ಧ ಪಾವು, ಅದರ ಅರ್ಧ ಅರೆಪಾವು. ಕುಕ್ಕೆಯಲ್ಲಿ ಎಷ್ಟು ರಾಗಿ ಇದೆ ಅಂತ ತಿಳಿಯಬೇಕಾದರೆ ದೊಡ್ಡ ಅಳತೆಯಿಂದ ಶುರು ಮಾಡಬೇಕು. ತುಂಬಿದರೆ ಒಂದು, ತುಂಬದಿದ್ದರೆ ಸೊನ್ನೆ, ಆಮೇಲೆ ಅದರ ಅರ್ಧ. ಹತ್ತು ಸಲ ಅಳೆದರೆ ಹತ್ತು ಬಿಟ್.

ಎಡಿಸಿಯಲ್ಲಿ ಅಳತೆ ಪಾತ್ರೆಗಳ ಜಾಗದಲ್ಲಿ ಕೆಪಾಸಿಟರ್‌ಗಳಿವೆ. ಸಿಗ್ನಲಿನ ವೋಲ್ಟೇಜನ್ನು ಎಲ್ಲ ಕೆಪಾಸಿಟರ್‌ಗಳ ಮೇಲಿನ ತಟ್ಟೆಯಲ್ಲಿ ಹಿಡಿದಿಟ್ಟುಕೊಂಡು, ಕೆಳಗಿನ ತಟ್ಟೆಗಳನ್ನು ಒಂದೊಂದಾಗಿ ಸೊನ್ನೆಗೋ 2.5 ವೋಲ್ಟಿಗೋ ಎಳೆದರೆ ಮೇಲಿನ ವೋಲ್ಟೇಜ್ ಮೆಟ್ಟಿಲು ಮೆಟ್ಟಿಲಾಗಿ ಸರಿಯುತ್ತದೆ. ಅದು ಅರ್ಧ ವೋಲ್ಟೇಜಿಗಿಂತ ಮೇಲಿದೆಯೋ ಕೆಳಗಿದೆಯೋ ಅಂತ ಪ್ರತಿ ಸಲ ಒಂದು ಕಂಪ್ಯಾರೇಟರ್ ಹೇಳುತ್ತೆ. ಚಾರ್ಜ್ ಹಂಚುವ ಈ ಉಪಾಯವನ್ನು ಮೆಕ್‌ಕ್ರಿಯರಿ ಮತ್ತು ಗ್ರೇ 1975ರಲ್ಲಿ ಬರ್ಕ್ಲಿಯಿಂದ ಪ್ರಕಟಿಸಿದರು. ಮೇಲಿನ ತಟ್ಟೆಯಲ್ಲೇ ಸ್ಯಾಂಪಲ್ ಹಿಡಿಯುವ ನನ್ನ ರೀತಿ ಅದಕ್ಕಿಂತ ಸ್ವಲ್ಪ ಬೇರೆ. ಇದರಲ್ಲಿ ಮೊದಲ ಬಿಟ್ ಯಾವ ಕೆಪಾಸಿಟರನ್ನೂ ಅಲುಗಿಸದೆ ಸಿಗುತ್ತದೆ, ಆ ಮಟ್ಟಿಗೆ ಕರೆಂಟ್ ಉಳಿತಾಯ.

ಲಾಜಿಕ್ ನಡೆಸೋಕೆ ಒಂದು ಪುಟ್ಟ ಪ್ರೊಸೆಸರ್ ಚಿಪ್, ಎಂಎಸ್‌ಪಿ430 ಜಿ2553. ಅದರೊಳಗೇ ಒಂದು 10 ಬಿಟ್ ಎಡಿಸಿ ಇದೆ. ಅದನ್ನು ಆಫ್ ಮಾಡಿಟ್ಟೆ. 32,768 ಹರ್ಟ್ಸ್ ಕ್ರಿಸ್ಟಲ್‌ಗೆ ಎರಡು ಪಿನ್ ಹೋದರೆ ಉಳಿಯೋದು 14. ಬಿಟ್‌ಗಳಿಗೆ 10, ಸ್ಯಾಂಪಲ್ ಸ್ವಿಚ್‌ಗೆ 1, ಕಂಪ್ಯಾರೇಟರ್ ಉತ್ತರ ಓದೋಕೆ 1, ಡೇಟಾ ಕಳಿಸೋಕೆ 1. ಕೊನೆಗೆ ಕೈಯಲ್ಲಿ ಉಳಿದದ್ದು ಒಂದೇ ಪಿನ್. ಈ ಪಿನ್ನಿನ ಕಥೆ ಮುಂದೆ ಬರುತ್ತೆ.

ಬೆಂಗಳೂರಿನ ಎಸ್‌ಪಿ ರೋಡ್‌ನಲ್ಲಿ

10 ಬಿಟ್‌ಗೆ ನೇರವಾಗಿ ಕಟ್ಟಿದರೆ 1024 ಒಂದೇ ಅಳತೆಯ ಕೆಪಾಸಿಟರ್ ಬೇಕು. ಅದರ ಬದಲು ಐದೈದು ಬಿಟ್‌ನ ಎರಡು ಸಾಲು ಮಾಡಿ, ಮಧ್ಯೆ ಒಂದು ಸೇತುವೆ ಕೆಪಾಸಿಟರ್ ಇಟ್ಟರೆ ಮೇಲಿನ ಸಾಲಿಗೆ 31, ಕೆಳಗಿನ ಸಾಲಿಗೆ 32, ಒಟ್ಟು 63ರಲ್ಲಿ ಮುಗಿಯುತ್ತೆ. ಸೇತುವೆಯ ಅಳತೆ ಒಂದು ಯೂನಿಟ್ಟಿನ 32/31 ಪಾಲು ಇರಬೇಕು.

ಯೂನಿಟ್ ಎಷ್ಟು ದೊಡ್ಡದಿರಬೇಕು ಅನ್ನೋದು ಇಡೀ ವಿನ್ಯಾಸದ ಮುಖ್ಯ ತೀರ್ಮಾನ. ಕೆಪಾಸಿಟರ್ ತುಂಬಿ ಖಾಲಿ ಮಾಡೋಕೆ ಆಗುವ ಖರ್ಚು ಅದರ ಗಾತ್ರಕ್ಕೆ ಸರಿಯಾಗಿ ಏರುತ್ತೆ. 1 ನ್ಯಾನೋಫ್ಯಾರಡ್ ಯೂನಿಟ್ ಹಾಕಿದರೆ ನನ್ನ ಲೆಕ್ಕದಲ್ಲಿ ಸಾಲುಗಳಿಗೇ 20 ಮೈಕ್ರೋಆಂಪಿಯರ್ ಹತ್ತಿರ ಬೇಕು. 100 ಪಿಕೋಫ್ಯಾರಡ್ ಆದರೆ ಸುಮಾರು 2. ಇನ್ನೂ ಇಳಿಸಿ 10 ಪಿಕೋಫ್ಯಾರಡ್ ಮಾಡಿದರೆ ತಂತಿಗಳ ನಡುವೆ ತಾನಾಗಿ ಹುಟ್ಟುವ ಕೆಪಾಸಿಟೆನ್ಸೇ ಯೂನಿಟ್ಟಿಗೆ ಸಮಕ್ಕೆ ಬಂದುಬಿಡುತ್ತೆ. ಹಾಗಾಗಿ 100ಕ್ಕೆ ನಿಂತೆ.

ಸಿರಾಮಿಕ್ ಅಂದರೆ ಎಲ್ಲವೂ ಒಂದೇ ಅಲ್ಲ. ಮಾಮೂಲಿ ಎಕ್ಸ್7ಆರ್ ಜಾತಿಯದ್ದು ವೋಲ್ಟೇಜ್ ಬದಲಾದ ಹಾಗೆ ತನ್ನ ಅಳತೆಯನ್ನೂ ಬದಲಾಯಿಸುತ್ತೆ. ರಾಗಿ ಸುರಿದ ಹಾಗೆ ಪಾವೇ ಹಿಗ್ಗಿದರೆ ಅಳತೆ ಹೇಗೆ ಸರಿ ಬರುತ್ತೆ? ಎನ್‌ಪಿಓ ಜಾತಿಯದ್ದೇ ಬೇಕು. ಡಿಸ್ಕ್ ರೂಪದಲ್ಲಿ ಬರೋದಾದರೆ ತಲೆ ಮೇಲೆ ಕಪ್ಪು ಬಣ್ಣ ಬಳಿದಿರುತ್ತೆ. 100 ಪಿಕೋಫ್ಯಾರಡ್ಡಿಗೆ 101 ಅಂತ ಗುರುತು.

"ಅಣ್ಣ, 101 ಎನ್‌ಪಿಓ ಇದೆಯಾ? ಕಪ್ಪು ತಲೇದು."

"ಇದೆ. ಎಷ್ಟು ಬೇಕು ಸಾರ್?"

"ಇನ್ನೂರು. ಅದರಲ್ಲಿ ಒಂದಕ್ಕೊಂದು ಹೊಂದೋದು 63 ಆರಿಸ್ಕೋಬೇಕು."

"ಹಂಗಾದ್ರೆ ಒಂದೇ ಪ್ಯಾಕೆಟಿಂದ ಕೊಡ್ತೀನಿ ತಗೊಳ್ಳಿ. ಎರಡು ಪ್ಯಾಕೆಟ್ ಬೆರೆಸಿದ್ರೆ ಹೊಂದಲ್ಲ."

ಅಂಗಡಿಯವರ ಮಾತು ಅಕ್ಷರಶಃ ನಿಜವಾಯಿತು. ಮೇಲೆ ಬರೆದದ್ದು ಶೇಕಡಾ 5ರ ಟಾಲರೆನ್ಸ್. ಆದರೂ ಒಂದೇ ಪ್ಯಾಕೆಟ್ಟಿನವು ಬಹುತೇಕ ಒಂದೂವರೆ ಪಿಕೋಫ್ಯಾರಡ್ ಅಂತರದೊಳಗೇ ಇದ್ದವು. ಕೆಪಾಸಿಟರ್ ಅಳೆಯುವ ಎಲ್‌ಸಿಆರ್ ಮೀಟರನ್ನು ಸ್ನೇಹಿತನಿಂದ ತಂದು ಎರಡು ಸಂಜೆ ಕೂತು ಇನ್ನೂರನ್ನೂ ಅಳೆದೆ. ಪ್ರತಿಯೊಂದನ್ನೂ ಥರ್ಮೋಕೋಲ್ ಹಾಳೆಗೆ ಚುಚ್ಚಿ ಪಕ್ಕದಲ್ಲಿ ಅಂಕಿ ಬರೆದೆ. ಬೆರಳಿಂದ ಮುಟ್ಟಿದ ಕೂಡಲೇ ಅಳೆಯಬಾರದು, ಕೈಯ ಬಿಸಿ ಆರೋವರೆಗೆ ಕೊನೆಯ ಅಂಕಿ ನಿಲ್ಲುವುದಿಲ್ಲ.

ಬಿಡಿ ಕೆಪಾಸಿಟರ್ ಸರಿಯಾಗಿ 100 ಇರಬೇಕಿಲ್ಲ. ಗುಂಪುಗಳು ಒಂದಕ್ಕೊಂದು ಹೊಂದಿದರೆ ಸಾಕು. ಅತಿ ದೊಡ್ಡ ಬಿಟ್‌ನ 16 ಕೆಪಾಸಿಟರ್‌ಗಳ ಮೊತ್ತ, ಅದರ ಕೆಳಗಿನ 8, 4, 2, 1 ಮತ್ತು ಸೇತುವೆಯ ಕಡೆಯ ಒಂದು, ಇವೆಲ್ಲದರ ಮೊತ್ತಕ್ಕೆ ಸಮ ಇರಬೇಕು. ವ್ಯತ್ಯಾಸ ಸುಮಾರು 1600ರಲ್ಲಿ ಒಂದೂವರೆ ಪಿಕೋಫ್ಯಾರಡ್ ದಾಟಬಾರದು. ಕೆಳಗಿನ ಸಾಲಿಗೆ ಇಷ್ಟು ಕಟ್ಟುನಿಟ್ಟು ಬೇಡ, ಅದರ ತಪ್ಪು ಸೇತುವೆ ದಾಟುವಾಗ 32 ಪಾಲು ಚಿಕ್ಕದಾಗುತ್ತೆ. ಚೆನ್ನಾಗಿ ಹೊಂದಿದ 31ನ್ನು ಮೇಲಿನ ಸಾಲಿಗಿಟ್ಟು, ಉಳಿದದ್ದರಿಂದ 32 ಕೆಳಗೆ ಹಾಕಿದೆ. ಸೇತುವೆಗೆ ಒಂದು 100, ಅದರ ಮೇಲೆ ಒಂದು 3.3 ಪಿಕೋಫ್ಯಾರಡ್. ಬೇಕಿದ್ದದ್ದು 103.2, ಅದಕ್ಕೆ ತೀರಾ ಹತ್ತಿರ.

ಮೊದಲ ಬೋರ್ಡ್, ಮೂರು ತಪ್ಪು

ಪವರ್ ಕೊಟ್ಟು, ವೋಲ್ಟೇಜ್ ಏರಿಳಿಸುವ ಪಾಟ್ ತಿರುಗಿಸುತ್ತಾ ಮಲ್ಟಿಮೀಟರಿನ ಓದಿಗೂ ಎಡಿಸಿಯ ಕೋಡಿಗೂ, ಅಂದರೆ ಅದು ಕೊಡುವ ಅಂಕಿಗೂ, ತಾಳೆ ನೋಡಿದೆ. ಕೆಳಗೆ ಸರಿ, ಮೇಲೆ ಸರಿ, ನಡುವೆ ಎಡವಟ್ಟು. 1.25 ವೋಲ್ಟ್ ಆಸುಪಾಸಿನಲ್ಲಿ ಕೋಡ್ ಹಿಂದಿನ ಸ್ಯಾಂಪಲಿಗೇ ಅಂಟಿಕೊಂಡ ಹಾಗೆ ತಡವಾಗಿ ಸರಿಯುತ್ತಿತ್ತು. ಕಾರಣ ಸ್ಯಾಂಪಲ್ ಸ್ವಿಚ್. ಮನೆಯಲ್ಲಿ ಇದ್ದ ಸಿಡಿ4066 ಹಾಕಿದ್ದೆ. ಅದಕ್ಕೆ ಕಡಿಮೆ ಅಂದರೂ 3 ವೋಲ್ಟ್ ಬೇಕು ಅಂತ ಡೇಟಾಶೀಟಲ್ಲೇ ಇದೆ. 2.5ಕ್ಕೂ ನಡೆದೀತು ಅಂದುಕೊಂಡಿದ್ದೆ. ಸ್ವಿಚ್ಚಿನ ಒಳಗೆ ಎರಡು ಟ್ರಾನ್ಸಿಸ್ಟರ್ ಇವೆ. ಒಂದು ಕೆಳಗಿನ ವೋಲ್ಟೇಜನ್ನು ದಾಟಿಸುತ್ತೆ, ಇನ್ನೊಂದು ಮೇಲಿನದನ್ನು. ಸಪ್ಲೈ ಕಡಿಮೆಯಾದರೆ ನಡುವಿನ ವೋಲ್ಟೇಜಿಗೆ ಎರಡೂ ಪೂರ್ತಿ ತೆರೆಯುವುದಿಲ್ಲ. ಇಸಿಜಿಯ ತಳಗೆರೆ ಕೂರೋದು ಆ ನಡುವಿನಲ್ಲೇ ಅಲ್ವಾ? ಚಿಪ್ ಮಾಡುವವರಿಗೂ ಇದೇ ತೊಂದರೆ ಬರುತ್ತೆ. ಅವರು ಗೇಟಿಗೆ ಸಪ್ಲೈಗಿಂತ ಜಾಸ್ತಿ ವೋಲ್ಟೇಜ್ ಒದಗಿಸುವ ಬೂಟ್‌ಸ್ಟ್ರಾಪ್ ಸ್ವಿಚ್ ಬಳಸುತ್ತಾರೆ. ನಾನು ಕಡಿಮೆ ವೋಲ್ಟೇಜಿಗೆಂದೇ ಮಾಡಿದ, ಒಂದೇ ಸ್ವಿಚ್ ಇರುವ 74ಎಲ್‌ವಿಸಿ1ಜಿ66 ತಂದು ಹಾಕಿದೆ. ಅದು ಅಕ್ಕಿಕಾಳಿನಷ್ಟು ಚಿಕ್ಕದು, ಕೂರಿಸೋಕೆ ಭೂತಗನ್ನಡಿ ಬೇಕಾಯಿತು. ನಡುವಿನ ಎಡವಟ್ಟು ಅಲ್ಲಿಗೆ ಹೋಯಿತು.

ಎರಡನೆಯದಕ್ಕೆ ಜಾಸ್ತಿ ದಿನ ಹಿಡಿಯಿತು. ಕೊನೆಯ ಮೂರು ಬಿಟ್ ಮತ್ತೆ ಮತ್ತೆ 000 ಇಲ್ಲಾ 111 ಅಂತಲೇ ಬರುತ್ತಿದ್ದವು. ಸದ್ದು (ನಾಯ್ಸ್, ಸಿಗ್ನಲಿನ ಮೇಲೆ ಬೆರೆಯುವ ಅಡ್ಡಾದಿಡ್ಡಿ ಅಲುಗಾಟ) ಆಗಿದ್ದರೆ ಹೀಗೆ ಒಂದೇ ಥರ ಬರಲ್ಲ. ಕಂಪ್ಯಾರೇಟರಿನ ಡೇಟಾಶೀಟನ್ನು ಮತ್ತೆ ಓದಿದೆ. ಅದು 75 ನ್ಯಾನೋಆಂಪಿಯರಿನಲ್ಲೇ ಓಡುತ್ತೆ ಅಂತ ಖುಷಿಯಿಂದ ತಂದದ್ದು. ಅದರೊಳಗೆ ಸುಮಾರು 17 ಮಿಲಿವೋಲ್ಟ್ ಹಿಸ್ಟರಿಸಿಸ್ ಕಟ್ಟಿದ್ದಾರೆ. ಅಂದರೆ ಒಮ್ಮೆ ಹೌದು ಅಂದಮೇಲೆ ಅಲ್ಲ ಅನ್ನೋಕೆ ಅಷ್ಟು ದೂರ ಸರಿಯಬೇಕು. ಬ್ಯಾಟರಿ ಮಟ್ಟ ನೋಡುವಂಥ ಕೆಲಸಕ್ಕೆ ಅದು ಒಳ್ಳೆಯ ಗುಣ. ಆದರೆ ನನ್ನ ಒಂದು ಮೆಟ್ಟಿಲು, ಅಂದರೆ 2.5 ವೋಲ್ಟಿನ 1024ರಲ್ಲೊಂದು ಪಾಲು, ಬರೀ 2.44 ಮಿಲಿವೋಲ್ಟ್. ಏಳು ಮೆಟ್ಟಿಲು ಅದರೊಳಗೆ ಮುಳುಗಿಹೋಗುತ್ತೆ!

ಆ ಉಳಿದ ಒಂದು ಪಿನ್ ಇಲ್ಲಿ ಕೈ ಹಿಡಿಯಿತು. ಪ್ರತಿ ಬಿಟ್‌ಗೆ ಮುಂಚೆ ಅರ್ಧ ವೋಲ್ಟೇಜಿನ ಕಡೆಯನ್ನು ಆ ಪಿನ್ನಿಂದ ಕ್ಷಣಕಾಲ ಕೆಳಗೆಳೆದು ಬಿಟ್ಟೆ. ಆಗ ಕಂಪ್ಯಾರೇಟರ್ ಪ್ರತಿ ಸಲವೂ ಒಂದೇ ಕಡೆಯಿಂದ ಹೊರಡುತ್ತೆ. ಹಿಂದಿನ ಉತ್ತರ ಅದಕ್ಕೆ ನೆನಪಿರಲ್ಲ. ಹಿಸ್ಟರಿಸಿಸ್ ಹೋಗಲಿಲ್ಲ, ಆದರೆ ಎಲ್ಲ ಓದಿಗೂ ಒಂದೇ ಸಮ ಸೇರುವ ಆಫ್‌ಸೆಟ್ ಆಗಿ ಬದಲಾಯಿತು. ಅದನ್ನು ಕಳೆದುಬಿಡಬಹುದು. ಚಿಪ್‌ಗಳಲ್ಲಿ ಬಳಸುವ ಸ್ಟ್ರಾಂಗ್‌ಆರ್ಮ್ ಲ್ಯಾಚ್ ಅನ್ನುವ ಕಂಪ್ಯಾರೇಟರ್ ಕೂಡ ಪ್ರತಿ ತೀರ್ಮಾನದ ಮುಂಚೆ ಹೀಗೇ ತನ್ನನ್ನು ಒರೆಸಿಕೊಳ್ಳುತ್ತೆ. ಪುಸ್ತಕದಲ್ಲಿ ರೀಸೆಟ್ ಅಂತ ಓದಿದ್ದೆ. ಯಾಕೆ ಬೇಕು ಅಂತ ಅವತ್ತು ಗೊತ್ತಾಯಿತು.

ಮೂರನೆಯದು ಹಿಸ್ಟೋಗ್ರಾಮಿನಲ್ಲಿ, ಅಂದರೆ ಯಾವ ಕೋಡ್ ಎಷ್ಟು ಸಲ ಬಂತು ಅನ್ನುವ ಚಿತ್ರದಲ್ಲಿ, ಸಿಕ್ಕಿತು. ಫಂಕ್ಷನ್ ಜನರೇಟರಿನಿಂದ ನಿಧಾನದ ತ್ರಿಕೋನ ಅಲೆ ಕೊಟ್ಟು, ಹತ್ತು ನಿಮಿಷ ಸ್ಯಾಂಪಲ್ ತೆಗೆದೆ. ಒಂದೂವರೆ ಲಕ್ಷ ಸ್ಯಾಂಪಲ್, ಪ್ರತಿ ಕೋಡಿಗೆ ಸುಮಾರು 145 ಬೀಳಬೇಕು. ಬಹುಪಾಲು ಹಾಗೇ ಇತ್ತು. ಆದರೆ ಪ್ರತಿ 32 ಕೋಡಿಗೊಮ್ಮೆ ಒಂದು ಹಲ್ಲು ಮುರಿದ ಹಾಗೆ, ಅಲ್ಲಿ ಹತ್ತು ಹದಿನೈದು ಮಾತ್ರ.

ಪ್ರತಿ 32 ಅಂದ ಕೂಡಲೇ ಸೇತುವೆ ಮೇಲೆ ಅನುಮಾನ ಬಂತು. ಬೋರ್ಡ್ ತಿರುಗಿಸಿ ನೋಡಿದೆ. ಎರಡು ಸಾಲಿನ ಮೇಲಿನ ತಟ್ಟೆಗಳನ್ನು ಸೇರಿಸೋಕೆ ಎರಡು ಬರಿ ತಂತಿ ಎಳೆದಿದ್ದೆ. ಎರಡೂ ಒಂದು ತೂತಿನ ಅಂತರದಲ್ಲಿ, ಪಕ್ಕಪಕ್ಕ, ಸುಮಾರು 12 ಸೆಂಟಿಮೀಟರ್ ಉದ್ದ. ಆ ಜೋಡಿ ತಂತಿಯೇ ಸುಮಾರು 3 ಪಿಕೋಫ್ಯಾರಡ್ಡಿನ ಕೆಪಾಸಿಟರ್. ಅದು ಕೂತಿರೋದೂ ಸರಿಯಾಗಿ ಸೇತುವೆಯ ಮೇಲೆ. ನಾನು 3.3 ಹಾಕಿದ್ದೆ, ಬೋರ್ಡ್ ತನ್ನ ಪಾಲಿಗೆ ಇನ್ನೊಂದು 3 ಸೇರಿಸಿತ್ತು. ಶೇಕಡಾ 3ರಷ್ಟು ಜಾಸ್ತಿ ಅಂದರೆ ಚಿಕ್ಕದು ಅನ್ನಿಸುತ್ತೆ. ಆದರೆ ಕೆಳಗಿನ ಸಾಲಿನ 31 ಮೆಟ್ಟಿಲೂ ಅಷ್ಟಷ್ಟು ಹಿಗ್ಗಿದರೆ ಒಟ್ಟು ಸುಮಾರು ಒಂದು ಮೆಟ್ಟಿಲು ಹೆಚ್ಚಾಗುತ್ತೆ. ಆ ಹೆಚ್ಚಳ ಮುಂದಿನ ಕೋಡನ್ನು ನುಂಗುತ್ತೆ.

3.3ರ ಕೆಪಾಸಿಟರನ್ನು ಕಿತ್ತುಹಾಕಿ ಮತ್ತೆ ಹತ್ತು ನಿಮಿಷ ಓಡಿಸಿದೆ. ಪ್ರತಿ 32ರ ಮುರಿದ ಹಲ್ಲೂ ತುಂಬಿಕೊಂಡಿತು. ಈ ಕೆಲಸದಲ್ಲಿ ನನಗೆ ಅತಿ ಹೆಚ್ಚು ಸಂತೋಷ ಕೊಟ್ಟ ಗಳಿಗೆ ಅದು.

ಕರೆಂಟ್ ಎಲ್ಲಿ ಹೋಗುತ್ತಿತ್ತು

ಈಗ ಅಸಲು ಪ್ರಶ್ನೆ. ರೆಗ್ಯುಲೇಟರಿನ ಮುಂಚೆ 1 ಕಿಲೋಓಮ್ ರೆಸಿಸ್ಟರ್ ಇಟ್ಟು, ಅದರ ಮೇಲಿನ ಮಿಲಿವೋಲ್ಟ್ ಓದಿದೆ. ಎಷ್ಟು ಮಿಲಿವೋಲ್ಟೋ ಅಷ್ಟು ಮೈಕ್ರೋಆಂಪಿಯರ್. ಡೇಟಾ ಕಳಿಸೋದನ್ನು ನಿಲ್ಲಿಸಿ, ಎಡಿಸಿ ಭಾಗ ಮಾತ್ರ ಅಳೆದೆ. 200 ದಾಟಿತು. ಅಷ್ಟು ಆರಿಸಿ ಹೊಂದಿಸಿದ ಕೆಪಾಸಿಟರ್ ಸಾಲುಗಳ ಪಾಲು ಅದರಲ್ಲಿ 2 ಮಾತ್ರ.

ಅರ್ಧ ವೋಲ್ಟೇಜ್ ಮಾಡೋಕೆ ಎರಡು 10 ಕಿಲೋಓಮ್ ಇಟ್ಟಿದ್ದೆ. ಅದರಲ್ಲೇ 125 ಮೈಕ್ರೋಆಂಪಿಯರ್ ಸುಮ್ನೆ ಹರಿಯುತ್ತಿತ್ತು. ಕೆಳಗೆಳೆದು ಬಿಡುವ ಉಪಾಯಕ್ಕೆ ಆ ಕಡೆ ಬೇಗ ಚೇತರಿಸಿಕೊಳ್ಳಬೇಕಿತ್ತು, ಅದಕ್ಕೇ ರೆಸಿಸ್ಟರ್ ಚಿಕ್ಕದಿತ್ತು. ಇನ್ನೊಂದು 75ರಷ್ಟು ತಿನ್ನುತ್ತಿದ್ದದ್ದು ಪ್ರೊಸೆಸರ್. 75 ನ್ಯಾನೋಆಂಪಿಯರಿನ ಕಂಪ್ಯಾರೇಟರ್ ಉತ್ತರ ಹೇಳೋಕೆ ಹತ್ತಾರು ಮೈಕ್ರೋಸೆಕೆಂಡ್ ತಗೊಳ್ಳುತ್ತೆ. ರೀಸೆಟ್ ಸೇರಿ ಪ್ರತಿ ಬಿಟ್‌ಗೆ ಎರಡು ಸಲ ಕಾಯಬೇಕು. ಒಂದು ಕನ್ವರ್ಷನ್ನಿಗೆ 1.2 ಮಿಲಿಸೆಕೆಂಡ್. ಎರಡು ಸ್ಯಾಂಪಲ್ ನಡುವೆ ಇರೋದು 4 ಮಿಲಿಸೆಕೆಂಡ್. ಅಂದರೆ ಕಾಲದ ಮೂರರಲ್ಲೊಂದು ಪಾಲು ಪ್ರೊಸೆಸರ್ ಎಚ್ಚರವಾಗಿ ಕೂತು ಕಂಪ್ಯಾರೇಟರಿನ ಮುಖ ನೋಡುತ್ತಿತ್ತು. 1 ಮೆಗಾಹರ್ಟ್ಸ್‌ನಲ್ಲಿ ಅದು ಎಚ್ಚರವಿದ್ದಾಗ ಎಳೆಯೋದು 230 ಮೈಕ್ರೋಆಂಪಿಯರ್ರಿಗೂ ಮೇಲೆ, ಮಲಗಿದಾಗ ಒಂದಕ್ಕೂ ಕಡಿಮೆ.

ಹಾಗಾಗಿ ಕಂಪ್ಯಾರೇಟರ್ ಬದಲಿಸಿದೆ. ಹೊಸದು ಸುಮಾರು 10 ಮೈಕ್ರೋಆಂಪಿಯರ್ ತಿನ್ನುತ್ತೆ, ಹಳೆಯದರ ನೂರು ಪಟ್ಟಿಗೂ ಜಾಸ್ತಿ. ಆದರೆ ಒಂದು ಮೈಕ್ರೋಸೆಕೆಂಡ್ ಒಳಗೆ ಉತ್ತರ ಕೊಡುತ್ತೆ, ಒಳಗೆ ಹಿಸ್ಟರಿಸಿಸ್ ಇಲ್ಲ. ರೀಸೆಟ್ ಬೇಡವಾಯಿತು, ಪಿನ್ ಬಿಡುವಾಯಿತು. ಆ ಪಿನ್ನಿಂದಲೇ ಈಗ ಕಂಪ್ಯಾರೇಟರಿಗೆ ಪವರ್ ಕೊಡುತ್ತೇನೆ. ಕೆಲಸ ಇದ್ದಾಗ ಮಾತ್ರ ಅದು ಬದುಕಿರುತ್ತೆ. ಇಲ್ಲೊಂದು ಎಚ್ಚರಿಕೆ: ಮೊದಲು ಪವರ್, ಆಮೇಲೆ ಸ್ಯಾಂಪಲ್. ಉಲ್ಟಾ ಮಾಡಿದರೆ ಹಿಡಿದ ಚಾರ್ಜ್ ಸತ್ತ ಕಂಪ್ಯಾರೇಟರಿನ ಒಳಗಿನ ಡಯೋಡಿನಿಂದ ಸೋರಿಹೋಗುತ್ತೆ.

ಅರ್ಧ ವೋಲ್ಟೇಜಿಗೆ ಎರಡು 1 ಮೆಗಾಓಮ್ ಮತ್ತು ಒಂದು 100 ನ್ಯಾನೋಫ್ಯಾರಡ್ ಹಾಕಿದೆ, 125 ಹೋಗಿ 1.25 ಆಯಿತು. ಕನ್ವರ್ಷನ್ ಪೂರ್ತಿ 160 ಮೈಕ್ರೋಸೆಕೆಂಡಲ್ಲಿ ಮುಗಿಯುತ್ತೆ. ಉಳಿದ ಹೊತ್ತು ಎಲ್ಲರೂ ನಿದ್ದೆ. ಮೀಟರ್ ತೋರಿಸಿದ್ದು 16.

ಚಿಪ್ಪಿನೊಳಗೆ ಇದು ಇನ್ನೆಷ್ಟು ಇಳಿಯುತ್ತೆ ಅಂತ ನೋಡಿ. ಅಲ್ಲಿ ಸಾಲು ಪೂರ್ತಿ ಸೇರಿ 1 ಪಿಕೋಫ್ಯಾರಡ್ ಇದ್ದರೂ ನಡೆಯುತ್ತೆ. ಅಷ್ಟು ಚಿಕ್ಕದರಲ್ಲಿ ಬಿಸಿಯಿಂದ ಹುಟ್ಟುವ ಸದ್ದು 64 ಮೈಕ್ರೋವೋಲ್ಟ್. 1 ವೋಲ್ಟಿನ 10 ಬಿಟ್ ಮೆಟ್ಟಿಲು ಸುಮಾರು 1 ಮಿಲಿವೋಲ್ಟ್ ಇರೋದರಿಂದ ಅದು ತೊಂದರೆ ಕೊಡಲ್ಲ. ನನ್ನ ಬೋರ್ಡಿನ 3.2 ನ್ಯಾನೋಫ್ಯಾರಡ್ ಅದರ 3200 ಪಟ್ಟು. ಇಸಿಜಿಯ ವೇಗಕ್ಕೆ ಚಿಪ್ಪಿನ ಆ ಸಾಲು ತಿನ್ನೋದು ನ್ಯಾನೋವ್ಯಾಟ್ ಲೆಕ್ಕದಲ್ಲಿ.

ಎದೆಗೆ ಅಂಟಿಸಿದ ರಾತ್ರಿ

ಎಡಿಸಿಯ ಮುಂದೆ ಎಡಿ8232 ಮಾಡ್ಯೂಲ್, ಅಂದರೆ ಇಸಿಜಿ ಆಂಪ್ಲಿಫೈಯರ್, ಇಟ್ಟೆ. ಎಲೆಕ್ಟ್ರೋಡ್‌ಗಳ ನಡುವೆ 300 ಮಿಲಿವೋಲ್ಟ್ ತನಕ ಡಿಸಿ ಬರಬಹುದು, ಅದರ ಮೇಲೆ ಸವಾರಿ ಮಾಡುವ ಎದೆಬಡಿತ ಒಂದು ಮಿಲಿವೋಲ್ಟ್. ಈ ಚಿಪ್ ಆ ಡಿಸಿಯನ್ನು ಕಳೆದೇ ದೊಡ್ಡದು ಮಾಡುತ್ತೆ. ಮಾಡ್ಯೂಲಿನ ಮೇಲಿದ್ದ ಎಲ್‌ಇಡಿಯನ್ನು ಕಿತ್ತೆ. ಒಟ್ಟು ಗೇನ್ 1100. ಅಂದರೆ ನನ್ನ ಒಂದು ಮೆಟ್ಟಿಲು ಚರ್ಮದ ಮೇಲಿನ 2.2 ಮೈಕ್ರೋವೋಲ್ಟ್.

ಅಂಗಿ ಬಿಚ್ಚಿ ಎಲೆಕ್ಟ್ರೋಡ್ ಅಂಟಿಸಿಕೊಳ್ಳುತ್ತಿದ್ದಾಗ ಅಮ್ಮ ಬಾಗಿಲಲ್ಲಿ ನಿಂತಿದ್ದರು.

"ಕರೆಂಟ್ ಹೊಡೆಯಲ್ವೇನೋ?"

"ಇಲ್ಲಮ್ಮ, ಬಟನ್ ಸೆಲ್ ಅಷ್ಟೇ. ಲ್ಯಾಪ್‌ಟಾಪ್ ಚಾರ್ಜರ್ ಕೂಡ ಕಿತ್ತಿದ್ದೀನಿ."

ಮೊದಲು ಬಂದದ್ದು ದಪ್ಪನೆಯ 50 ಹರ್ಟ್ಸ್ ಗುಂಯ್‌ಗುಡುವಿಕೆ. ಮಂಚದ ಪಕ್ಕದ ಎಕ್ಸ್‌ಟೆನ್ಷನ್ ಬೋರ್ಡನ್ನು ದೂರ ಸರಿಸಿದೆ, ಅರ್ಧ ಹೋಯಿತು. ಉಳಿದದ್ದಕ್ಕೆ ಐದೈದು ಸ್ಯಾಂಪಲಿನ ಸರಾಸರಿ ತೆಗೆದೆ. ಸೆಕೆಂಡಿಗೆ 250 ಅಂತ ಆರಿಸಿದ್ದು ಇದಕ್ಕೇ. ಐದು ಸ್ಯಾಂಪಲ್ ಅಂದರೆ 20 ಮಿಲಿಸೆಕೆಂಡ್, 50 ಹರ್ಟ್ಸ್‌ನ ಸರಿಯಾಗಿ ಒಂದು ಸುತ್ತು, ಕೂಡಿದರೆ ಸೊನ್ನೆ. ಪ್ರತಿ ಬಡಿತದ ಅತಿ ಎತ್ತರದ ಮೊನೆಯಾದ ಆರ್ ಅಲೆಯ ಚೂಪು ಸ್ವಲ್ಪ ಮೊಂಡಾಗುತ್ತೆ, ಅದು ಈ ಸರಾಸರಿಗೆ ತೆರಬೇಕಾದ ಬೆಲೆ.

ಆಮೇಲೆ ಕಂಡಿತು. ಪ್ರತಿ ಎತ್ತರದ ಆರ್ ಅಲೆಯ ಮುಂಚೆ ಒಂದು ಪುಟ್ಟ ಗುಡ್ಡ, ಪಿ ಅಲೆ. ಎತ್ತರ ಸುಮಾರು 45 ಕೋಡ್, ಚರ್ಮದ ಮೇಲೆ 0.1 ಮಿಲಿವೋಲ್ಟ್. ಥರ್ಮೋಕೋಲಿಗೆ ಚುಚ್ಚಿದ್ದ ಕೆಪಾಸಿಟರ್‌ಗಳು ನನ್ನ ಹೃದಯದ ಮೇಲಿನ ಕೋಣೆಗಳನ್ನು ಸಂಕುಚಿಸುವ ವಿದ್ಯುತ್ ಮಿಡಿತವನ್ನು ಅಳೆದಿದ್ದವು. ಅಮ್ಮನನ್ನು ಕೂಗಿ ತೋರಿಸಿದೆ. ಅವರು ಪರದೆಯನ್ನೇ ನೋಡುತ್ತಾ ನಿಂತರು. "ಉಸಿರು ಹಿಡಿದ್ರೆ ನಿಧಾನ ಆಗುತ್ತಾ?" ಅಂದರು. ಹಿಡಿದು ನೋಡಿದೆ, ಆಯಿತು.

ಪಿ ಅಲೆಗೆ 45 ಕೋಡ್ ಜಾಸ್ತಿಯೇ. 8 ಬಿಟ್ ಆಗಿದ್ದರೂ 11 ಕೋಡ್ ಸಿಗುತ್ತಿತ್ತು. ಬಡಿತ ಎಣಿಸೋಕೆ ಅದೇ ಧಾರಾಳ, ಎರಡು ಬಿಟ್‌ನ ಖರ್ಚು ಉಳಿಯುತ್ತೆ. ಹತ್ತಾರು ಮೈಕ್ರೋವೋಲ್ಟಿನ ಮೆದುಳಿನ ಸಿಗ್ನಲಿಗೆ (ಇಇಜಿ) ಮಾತ್ರ ಈ ಉಳಿತಾಯಕ್ಕೆ ನಾನು ಕೈ ಹಾಕಲ್ಲ.

ಇಡೀ ಲೆಕ್ಕ ಹೀಗಿದೆ. ಮೊದಲ ಬೋರ್ಡಿನಲ್ಲಿ ಎಡಿಸಿ, ಆಂಪ್ಲಿಫೈಯರ್ ಸೇರಿ 370 ಮೈಕ್ರೋಆಂಪಿಯರ್ ಮೇಲಿತ್ತು. 225 ಮಿಲಿಆಂಪಿಯರ್-ಗಂಟೆಯ ಸಿಆರ್2032 ಲೆಕ್ಕಕ್ಕೆ 25 ದಿನ ಬರುತ್ತಿತ್ತು. ಈಗ 186, ಲೆಕ್ಕಕ್ಕೆ 50 ದಿನ. ಆ 186ರಲ್ಲಿ 170 ಆಂಪ್ಲಿಫೈಯರಿನದು. ಎಡಿಸಿಯನ್ನು ಇನ್ನು ಸೊನ್ನೆಗೆ ಇಳಿಸಿದರೂ ಸೆಲ್ ಐದು ದಿನ ಜಾಸ್ತಿ ಬಾಳುತ್ತೆ, ಅಷ್ಟೇ. ಆಂಪ್ಲಿಫೈಯರಿನ ಕಷ್ಟ ಬೇರೆ ಥರದ್ದು. ಅದನ್ನು ಎಡಿಸಿಯ ಹಾಗೆ ನಡುನಡುವೆ ಮಲಗಿಸೋಕೆ ಆಗಲ್ಲ, ಎದ್ದಮೇಲೆ ಫಿಲ್ಟರ್ ನೆಲೆಗೊಳ್ಳೋಕೇ ಹೊತ್ತು ಬೇಕು. ಅದರ ಸದ್ದನ್ನು ಅರ್ಧ ಮಾಡಬೇಕಾದರೆ ಕರೆಂಟ್ ಸುಮಾರು ನಾಲ್ಕು ಪಟ್ಟು ಕೊಡಬೇಕು. 2003ರಲ್ಲಿ ಹ್ಯಾರಿಸನ್ ಮತ್ತು ಚಾರ್ಲ್ಸ್ ನರಗಳ ಸಿಗ್ನಲಿಗೆ ಮಾಡಿದ ಆಂಪ್ಲಿಫೈಯರ್ 16 ಮೈಕ್ರೋಆಂಪಿಯರಿನಲ್ಲಿ 2.2 ಮೈಕ್ರೋವೋಲ್ಟ್ ಸದ್ದಿಗೆ ಇಳಿದಿತ್ತು. ನನ್ನ ಇಡೀ ಎಡಿಸಿ ತಿನ್ನೋದೂ ಅದೇ 16.

ಮೇಜಿನ ಮೇಲೆ ಈಗ 50 ಮೈಕ್ರೋಆಂಪಿಯರಿನ ಒಂದು ಐಎನ್ಎ333 ಆಂಪ್ಲಿಫೈಯರ್ ಬಂದು ಕೂತಿದೆ. ಈ ಭಾನುವಾರ ಅದರ ಸುತ್ತ ಡಿಸಿ ಕಳೆಯುವ ಫಿಲ್ಟರ್ ಕಟ್ಟುವುದಿದೆ. ಥರ್ಮೋಕೋಲ್ ಹಾಳೆಯಲ್ಲಿ ಅಂಕಿ ಬರೆದ 136 ಕೆಪಾಸಿಟರ್ ಇನ್ನೂ ಉಳಿದಿವೆ.